ಮೊದಲ ಬೀಜ ಗೌಂಡಿಯದು

ಬೆಟಗೇರಿ
14 ಏಪ್ರಿಲ್ 1955

ಅಕ್ಕನಿಗೆ ಲಕ್ಷ್ಮಪ್ಪನ ನಮಸ್ಕಾರ.

ಇಲ್ಲಿ ನಾನೂ ಸುಮಿತ್ರವ್ವಳೂ ಆರಾಮ. ಆರಾಮ ಎಂದು ಬರೆಯುತ್ತೇನೆ, ಆದರೆ ನಾಲ್ಕು ದಿನದಿಂದ ರೊಟ್ಟಿ ಗಂಟಲಿನ ಕೆಳಗೆ ಇಳಿಯುತ್ತಿಲ್ಲ. ಕಾರಣ ಸಂತೋಷದ್ದೇ ಇದೆ. ಗದಗಿನ ಬಿತ್ತನೆ ಬೀಜದ ಸಂಘದವರು ಊರ ಹೊರಗಿನ ಇಳಿಜಾರಿನಲ್ಲಿ ನೆಲಮಾಳಿಗೆ ಕಟ್ಟಿಸುತ್ತಿದ್ದಾರೆ. ಎಂಟು ಅಡಿ ಆಳ. ಸುತ್ತಲಿನ ಹಳ್ಳಿಗಳ ಬೀಜವೆಲ್ಲ ಅದರೊಳಗೆ ತಂಪಾಗಿ ಇರಬೇಕಂತೆ. ಗೋಡೆ ಕಲ್ಲಿನದಲ್ಲ, ಕಾಂಕ್ರೀಟಿನದು. ನಾನು ತುಂಗಭದ್ರೆಯ ಕಟ್ಟೆಯ ಮೇಲೆ ಮೂರು ವರ್ಷ ದುಡಿದವನೆಂದು ಮುಖ್ಯ ಗೌಂಡಿ ಮಾಡಿದ್ದಾರೆ. ಕನ್ನಡ ಮೂರನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದು ಸಣ್ಣದೇನು?

ಆದರೆ ಸಭೆಯಲ್ಲಿ ಒಂದು ಮಾತು ಆಡಿಬಿಟ್ಟೆ. ಮುದುಕರೊಬ್ಬರು ಎದ್ದು, "ಹಗೇವಿನೊಳಗ ಇಟ್ಟ ಕಾಳು ವರ್ಷಗಟ್ಲೆ ಕೆಡೂದಿಲ್ಲ. ಈ ಸಿಮೆಂಟಿನ ಖೋಲಿಯೊಳಗ ನೀರು ಇಳಿದು ಕೆಟ್ಟರ ಯಾರು ಜವಾಬುದಾರರು?" ಎಂದರು. ಓವರಸೀಯರ ಅಂದಾನಪ್ಪನವರು ಪುಣೆಯಲ್ಲಿ ಓದಿದವರು. ಅವರು ನನ್ನ ಕಡೆ ನೋಡಿದರು. ನನ್ನ ಬಾಯಿ ತಾನೇ ತೆರೆಯಿತು. "ನಾ ಶಿರಹಟ್ಟಿ ಹಗೇವಿನ ಯಂಕಪ್ಪನ ಮಗ ರೀ. ನಮ್ಮ ಮನ್ಯಾಗ ಒಂದು ರೂಢಿ ಐತ್ರಿ, ಮೊದಲ ಬೀಜ ಗೌಂಡಿದು. ನಮ್ಮ ಹೊಲದ ಬಿತ್ತೂ ಜ್ವಾಳ ಒಂದು ಮಳಿಗಾಲ ಒಳಗ ಇರ್ತೈತಿ. ಅದು ಮುಗ್ಗಿದರ ನಿಮ್ಮದು ಹಾಕಬ್ಯಾಡ್ರಿ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಪ್ಪ ನೆಲ ಅಗೆದು ಹಗೇವು ಮಾಡಿದಾಗೆಲ್ಲ ಹೀಗೇ ಮಾಡುತ್ತಿದ್ದನಲ್ಲ ಅಕ್ಕ? ಅವನ ಕಾಳು ಒಮ್ಮೆಯೂ ಕೆಟ್ಟಿರಲಿಲ್ಲ. ನನ್ನದು ಕೆಟ್ಟರೆ ನಮ್ಮ ಎರಡೆಕರೆ ಬೀಳು ಬೀಳುತ್ತದೆ, ಮಾಳಿಗೆ ಪಾಳು ಬೀಳುತ್ತದೆ, ಅಪ್ಪನ ಹೆಸರು ಗದಗಿನ ಹಳ್ಳಕ್ಕೆ ಹೋಗುತ್ತದೆ. ಅಪ್ಪನ ಗಾರೆಯ ಪಾಕ ಪೂರ್ತಿ ಬರೆದು ಕಳಿಸು. ನೀನು ಗಂಡ ತೀರಿ ತವರಿಗೆ ಬಂದಂದಿನಿಂದ ಅವನ ಕೊನೆಯ ದಿನದವರೆಗೆ ಗಾರೆ ಅರೆದವಳು. ಜಲ್ದಿ ಬರೆ.

ನಿನ್ನ ತಮ್ಮ
ಲಕ್ಷ್ಮಪ್ಪ

*

ಶಿರಹಟ್ಟಿ
22 ಏಪ್ರಿಲ್ 1955

ಲಕ್ಷ್ಮಪ್ಪನಿಗೆ ಶಂಕ್ರೆವ್ವನ ಆಶೀರ್ವಾದ.

ಗಾರೆಯನ್ನು ಗೋಡೆಗಿಂತ ಮೊದಲು ನಿನ್ನ ಬಾಯಿಗೆ ಹಚ್ಚಬೇಕು. ಆಡಿದ್ದು ಆಯಿತು. ಆಡಿದ್ದು ತಪ್ಪೂ ಅಲ್ಲ. ಓದಿ ನಾನು ಎರಡು ಸಲ ನಕ್ಕೆ, ಒಂದು ಸಲ ಕಣ್ಣು ಒರೆಸಿಕೊಂಡೆ.

ಪಾಕ ಹೇಳುತ್ತೇನೆ. ಸುಟ್ಟ ಸುಣ್ಣ ಇಪ್ಪತ್ತೊಂದು ದಿನ ನೀರಿನಲ್ಲಿ ಕೊಳೆಯಬೇಕು. ಒಂದು ಪಾಲು ಸುಣ್ಣಕ್ಕೆ ಒಂದು ಪಾಲು ಇಟ್ಟಂಗಿ ಪುಡಿ, ಒಂದು ಪಾಲು ತೊಳೆದ ಉಸುಕು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಅರೆದದ್ದು ಬೆಣ್ಣೆಯ ಹಾಗೆ ಬೆರಳಿಗೆ ಅಂಟಬೇಕು, ಬೆರಳು ಕೊಡವಿದರೆ ಬೀಳಬಾರದು. ಸುಣ್ಣ ಬೇರೆಯವರದು ತರಬೇಡ. ಕರೀಮಸಾಬನ ಭಟ್ಟಿಯದೇ ತರಿಸು. ಹೇಗೂ ಅವನ ಗಾಡಿ ತಿಂಗಳಿಗೊಮ್ಮೆ ಗದಗಿಗೆ ಬರುತ್ತದೆ.

ಒಂದು ಮಾತು ಕೇಳುತ್ತೇನೆ. ನಿನ್ನ ಗೋಡೆಯ ಬೆನ್ನಿಗೆ ಯಾವ ಮಣ್ಣು? ಕಲ್ಲುಪುಡಿಯ ಗರಸೋ, ಕಪ್ಪು ಎರಿಯೋ? ಅದನ್ನು ನೀನು ಬರೆದಿಲ್ಲ.

ಶಂಕ್ರೆವ್ವ

*

ಬೆಟಗೇರಿ
30 ಜುಲೈ 1955

ಅಕ್ಕನಿಗೆ ನಮಸ್ಕಾರ.

ಕಾಗದ ಬರೆಯುವುದು ತಡವಾಯಿತು, ಕೆಲಸ ಬಹಳ. ಗೋಡೆ ನಾಲ್ಕೂ ಕಡೆ ಎದ್ದಿದೆ. ನೋಡಿದರೆ ಹೆಮ್ಮೆಯಾಗುತ್ತದೆ. ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೋಡಿದರೆ ನೂಲಿನಷ್ಟೂ ಓರೆಯಿಲ್ಲ. ಸಂಘದವರು ಬಂದು ಕೈಯಾಡಿಸಿ ಹೋಗುತ್ತಾರೆ. ಒಬ್ಬರು, "ಲಕ್ಷ್ಮಪ್ಪ, ಇದರ ಮ್ಯಾಲೆ ಮುಖಾ ನೋಡಿಕೊಂಡು ಕ್ಷೌರ ಮಾಡಿಕೋಬಹುದಲ್ಲೋ" ಎಂದರು.

ಮಳೆಯೂ ಆಯಿತು. ಏನೂ ತೊಂದರೆ ಇಲ್ಲ. ಅಂದ ಹಾಗೆ, ಸುಮ್ಮನೆ ಕೇಳುತ್ತೇನೆ, ಗೋಡೆ ಒದ್ದೆ ಇದ್ದಾಗ ಗಾರೆ ಹಿಡಿಯಲು ಎಷ್ಟು ದಿನ ಬೇಕು?

ಲಕ್ಷ್ಮಪ್ಪ

*

ಶಿರಹಟ್ಟಿ
4 ಆಗಸ್ಟ್ 1955

ಲಕ್ಷ್ಮಪ್ಪಾ,

ನಿನ್ನ ಕಾಗದದಲ್ಲಿ ಗೋಡೆ ಒಣಗಿದೆ, ಅಕ್ಷರ ಮಾತ್ರ ಒದ್ದೆ ಇವೆ. ಸುಮ್ಮನೆ ಕೇಳುವವನು ನೀನಲ್ಲ. ಸಣ್ಣವನಿದ್ದಾಗ "ಬೆಲ್ಲದ ಗಡಿಗೆ ಎತ್ತರದ ಮ್ಯಾಲಿಂದ ಬಿದ್ದರ ಒಡೀತೈತೇನವ್ವಾ" ಎಂದು ಅವ್ವನನ್ನು ಕೇಳಿದ್ದೆ. ಆಗ ಗಡಿಗೆ ಆಗಲೇ ಒಡೆದಿತ್ತು.

ಮತ್ತೆ ಕೇಳುತ್ತೇನೆ. ಬೆನ್ನಿಗೆ ಯಾವ ಮಣ್ಣು? ಅಪ್ಪ ಸುತ್ತ ಇಪ್ಪತ್ತು ಊರುಗಳಲ್ಲಿ ಹಗೇವು ತೆಗೆದ, ಎಲ್ಲವೂ ಗಟ್ಟಿ ಗರಸಿನ ದಿಬ್ಬದ ಮೇಲೆ. ಎರಿ ಮಣ್ಣಿನಲ್ಲಿ ಅವನು ಮಾಡಿದ್ದು ಒಂದೇ ಒಂದು, ನಮ್ಮ ಮನೆಯ ಮುಂದಿನದು, ಜಾಗ ಬೇರೆ ಇಲ್ಲವೆಂದು. ಅದಕ್ಕೆ ಕಲ್ಲಿನ ಗೋಡೆ ಎಬ್ಬಿಸಿದ. ಮೂವತ್ತು ವರ್ಷವಾಯಿತು, ನಮ್ಮ ಬೀಜ ಈಗಲೂ ಅದರಲ್ಲೇ ಇರುತ್ತದೆ.

ಖರೆ ಹೇಳು. ನಾನು ನಿನ್ನ ಓವರಸೀಯರ ಅಲ್ಲ, ಅಕ್ಕ.

ಶಂಕ್ರೆವ್ವ

*

ಬೆಟಗೇರಿ
19 ಸೆಪ್ಟೆಂಬರ್ 1955

ಅಕ್ಕಾ,

ಎರಿ ಮಣ್ಣೇ. ಮೇಲಿನ ಕಡೆ ಪೂರ್ತಿ ಎರಿ. ಗುಂಡಿಯಿಂದ ಬಂದ ಮಣ್ಣನ್ನೇ ಗೋಡೆಯ ಹಿಂದೆ ತುಂಬಿದೆವು. ಎಲ್ಲರೂ ಹಾಗೇ ತುಂಬುತ್ತಾರೆ, ನಾನೂ ತುಂಬಿದೆ.

ಮೊದಲ ದೊಡ್ಡ ಮಳೆಗೆ ಆ ಗೋಡೆಯ ಮೇಲೆ ಒಂದು ಕಲೆ ಮೂಡಿತು, ಅಂಗೈಯಗಲ. ಮರುದಿನ ಪರಾತದಷ್ಟಾಯಿತು. ಈಗ ಆಳೆತ್ತರ ಇದೆ. ಒಳಗಿನಿಂದ ಅಪ್ಪನ ಗಾರೆ ಮೂರು ಸಲ ಹಚ್ಚಿದೆ. ಮೂರು ಸಲವೂ ಹಪ್ಪಳ ಎದ್ದ ಹಾಗೆ ಎದ್ದು ಬಂತು. ಅಂದಾನಪ್ಪನವರು ಎಲ್ಲರ ಎದುರಿಗೇ, "ಸಿಮೆಂಟ್ ಕಡಿಮಿ ಹಾಕೀಯೇನಪಾ?" ಎಂದರು. ಒಂದು ಬುಟ್ಟಿಯೂ ಕಡಿಮೆ ಹಾಕಿಲ್ಲ ಅಕ್ಕ, ಅಪ್ಪನ ಆಣೆ. ಪ್ರತಿ ಬುಟ್ಟಿ ನಾನೇ ನಿಂತು ಹಾಕಿಸಿದ್ದು. ಕಾಂಕ್ರೀಟನ್ನು ಕಬ್ಬಿಣದ ಗಜದಿಂದ ಕುಟ್ಟಿಸಿದ್ದೂ ನಾನೇ.

ದಿನಕ್ಕೆ ಹತ್ತು ಸಲ ಇಳಿದು ಮುಟ್ಟಿ ನೋಡುತ್ತೇನೆ. ಸುಮಿತ್ರವ್ವ, "ಆ ಗ್ವಾಡಿಗೇನು ಜ್ವರಾ ಬಂದಾವೇನ್ರಿ, ಮುಟ್ಟಿ ಮುಟ್ಟಿ ನೋಡಾಕ?" ಎಂದು ಬೈಯುತ್ತಾಳೆ. ದೀಪಾವಳಿಯ ಹೊತ್ತಿಗೆ ಸಂಘದವರು ಸೇರಿ ತೀರ್ಮಾನ ಮಾಡುತ್ತಾರಂತೆ, ಇದನ್ನು ಇಡುವುದೋ ಮುಚ್ಚುವುದೋ ಎಂದು.

ಮನೆಯ ಮುಂದಿನ ಹಗೇವು ಮೂವತ್ತು ವರ್ಷ ಒಣಗಿರಲು ಅಪ್ಪ ಏನು ಮಾಡಿದ್ದ? ನಾನಾಗ ಸಣ್ಣವ. ನಿನಗೆ ನೆನಪಿದೆಯೇ?

ಲಕ್ಷ್ಮಪ್ಪ

*

ಶಿರಹಟ್ಟಿ
20 ಅಕ್ಟೋಬರ್ 1955

ಲಕ್ಷ್ಮಪ್ಪಾ,

ಉತ್ತರ ತಡವಾಯಿತು. ಕೈಗೆ ಸ್ವಲ್ಪ ಪೆಟ್ಟಾಗಿ ಅಕ್ಷರ ಸೊಟ್ಟ ಬಿದ್ದಿವೆ, ಹೊಂದಿಸಿಕೊಂಡು ಓದು.

ನಿನ್ನ ಗೋಡೆಯ ತಪ್ಪಲ್ಲ. ಅದರ ಬೆನ್ನಿನ ಮಣ್ಣಿನ ತಪ್ಪು. ಎರಿ ನೀರು ಕುಡಿದು ಉಬ್ಬುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಹಗಲು ರಾತ್ರಿ ಗೋಡೆಗೆ ಒರಗಿ ನಿಂತಿರುತ್ತದೆ. ಒಳಗಿನಿಂದ ನೀನು ಎಷ್ಟು ಗಾರೆ ಹಚ್ಚಿದರೂ ಹಿಂದಿನಿಂದ ಅದು ತಳ್ಳುತ್ತದೆ. ನೀರು ಬರುವ ಕಡೆಯಿಂದ ಹಚ್ಚು.

ಅಪ್ಪ ಮಾಡಿದ್ದು ಹೀಗೆ. ಗಾರೆ ಗೋಡೆಯ ಹೊರಮೈಗೆ, ಎರಡು ಪದರು. ಅದರ ಹಿಂದೆ ಎರಿ ತಾಗದ ಹಾಗೆ ಒಂದು ಗೇಣು ಗರಸು ಮತ್ತು ಒಡೆದ ಹಂಚು, ಮೇಲಿನಿಂದ ಕೆಳಗಿನವರೆಗೆ. ನೀರು ಅದರೊಳಗೆ ನಿಲ್ಲುವುದಿಲ್ಲ, ಜಾರಿ ಬುಡಕ್ಕೆ ಹೋಗುತ್ತದೆ. ಬುಡದಲ್ಲಿ ಕುಂಬಾರರ ಮಣ್ಣಿನ ಕೊಳವೆ, ಒಂದಕ್ಕೊಂದು ಸಡಿಲವಾಗಿ ಕೂಡಿಸಿದ್ದು. ಅದು ಇಳಿಜಾರಿಗೆ ಬಾಯಿ ತೆರೆದಿದೆ. ಕೊಳವೆಯ ಸುತ್ತ ಮುಷ್ಟಿಗಾತ್ರದ ಕಲ್ಲು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ಅಪ್ಪ ಹೇಳಿದ್ದ.

ಶಂಕ್ರೆವ್ವ

*

ಬೆಟಗೇರಿ
11 ಡಿಸೆಂಬರ್ 1955

ಅಕ್ಕನಿಗೆ ನಮಸ್ಕಾರ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಎದೆಯಲ್ಲಿ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ಗಂಡುಮಗ ನಾನು, ಗೌಂಡಿ ನಾನು. ಅಪ್ಪ ನನಗೆ ಹೇಳದೆ ನಿನಗೆ ಹೇಳಿದ. ನನ್ನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲವೇನು? ನಿನ್ನ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಮೂರನೆಯ ದಿನ ಅಂದಾನಪ್ಪನವರ ಮುಂದೆ ಹೋಗಿ ನಿಂತೆ. ಹಿಂದಿನ ಮಣ್ಣೆಲ್ಲ ತೆಗೆಯಬೇಕು, ಬುಡದಲ್ಲಿ ಕೊಳವೆ ಇಟ್ಟು ಇಳಿಜಾರಿನ ಕೆಳಗೆ ಮಣ್ಣು ಹಿಡಿದಿರುವ ತಡೆಗೋಡೆಯಲ್ಲಿ ಮೂರು ಕಿಂಡಿ ಬಿಡಬೇಕು ಎಂದೆ.

ಅವರು ನಕ್ಕರು. "ನೀರು ನಿಲ್ಲಸೋ ಅಂದರ ತೂತು ಬಿಡ್ತೀನಿ ಅಂತಾನ ನೋಡ್ರಿ ಈ ಗೌಂಡಿ!"

"ಸಾಹೇಬ್ರ, ದನದ ಮನಿ ಎಷ್ಟು ಗಟ್ಟಿ ಕಟ್ಟಿದರೂ ಉಚ್ಚಿಗೆ ಗಟಾರ ಬಿಡೂದಿಲ್ಲೇನ್ರಿ?"

"ಯಾರು ಹೇಳಿಕೊಟ್ಟರು ನಿನಗಿದನ್ನ?"

ನಾನು ಏನೆಂದೆ ಗೊತ್ತೇ ಅಕ್ಕ? "ನಮ್ಮಪ್ಪ" ಎಂದೆ. ನಿನ್ನ ಹೆಸರು ಹೇಳಲಿಲ್ಲ. ಸಿಟ್ಟಿತ್ತು.

ಮರುದಿನ ಬೆಳಿಗ್ಗೆ ಅವರೇ ದಪ್ಪನೆಯ ಪುಸ್ತಕ ಹಿಡಿದುಕೊಂಡು ಬಂದರು. "ಇದರಾಗ ಐತಿ ಲಕ್ಷ್ಮಪ್ಪ. ನಾ ಓದಿದ್ದೆ. ಪಾಸಾಗಾಕ ಓದಿದ್ದೆ, ಅದಕ್ಕ ನೆನಪು ಉಳಿದಿದ್ದಿಲ್ಲ. ಗ್ವಾಡಿ ಬೆನ್ನಿಗೆ ಡಾಂಬರೂ ಹಚ್ಚೋಣು" ಎಂದರು. ದೊಡ್ಡ ಮನುಷ್ಯ. ಸಂಘದವರಿಗೆ ತಾವೇ ಹೇಳಿ ಒಂದು ಮಳೆಗಾಲದ ಅವಕಾಶ ಕೊಡಿಸಿದರು. ಬರುವ ಮಳೆಗಾಲ ನಮ್ಮ ಬೀಜ ಒಳಗೆ ಇರಬೇಕು. ಅದು ಕೆಟ್ಟರೆ ಮಾಳಿಗೆಗೆ ಮಣ್ಣು ತುಂಬಿಸಿಬಿಡುತ್ತಾರೆ.

ಈಗ ಮಣ್ಣು ತೆಗೆದಿದ್ದೇವೆ. ಗೋಡೆಯ ಬೆನ್ನು ಒಣಗಲು ಬಿಟ್ಟು, ಸಿಮೆಂಟು ಮೆತ್ತಿ ಗಿಲಾಯಿ ಮಾಡಿ, ಕಾಯಿಸಿದ ಡಾಂಬರು ಎರಡು ಕೈ ಹಚ್ಚಿದೆವು. ಒಂದು ಗೇಣಲ್ಲ, ಎರಡು ಗೇಣು ಗರಸು ಹಾಕಿಸುತ್ತಿದ್ದೇನೆ. ನನ್ನ ಅಂಜಿಕೆಗೆ ಒಂದು ಗೇಣು ಸಾಲದು.

ಕೈ ವಾಸಿಯಾಯಿತೇ?

ಲಕ್ಷ್ಮಪ್ಪ

*

ಬೆಟಗೇರಿ
18 ಮಾರ್ಚ್ 1956

ಅಕ್ಕನಿಗೆ ನಮಸ್ಕಾರ.

ರಾಶಿ ಆಯಿತು ಎಂದು ಕರೀಮಸಾಬ ಹೇಳಿದ. ಬೀಜದ ಜೋಳ ಎರಡು ಚೀಲ ಆಗಿದೆಯಂತೆ. ಯುಗಾದಿಗೆ ಸಂಘದವರ ಎದುರು ನಾನು ಬೀಜ ಇಡಬೇಕು.

ಒಂದು ವಿಚಾರ. ಯಾರಿಗೂ ಹೇಳಬೇಡ. ಒಂದೇ ಚೀಲ ಕಳಿಸು. ಇನ್ನೊಂದು ಅಪ್ಪನ ಹಗೇವಿನಲ್ಲೇ ಇರಲಿ. ಇಲ್ಲಿಯದು ಕೆಟ್ಟರೂ ಬಿತ್ತಲು ಅದಾದರೂ ಉಳಿಯುತ್ತದೆ. ಗೋಡೆ ಗಟ್ಟಿ ಇದೆ, ನನಗೆ ಗೊತ್ತು. ಆದರೂ.

ಲಕ್ಷ್ಮಪ್ಪ

*

ಶಿರಹಟ್ಟಿ
29 ಮಾರ್ಚ್ 1956

ಲಕ್ಷ್ಮಪ್ಪಾ,

ಕರೀಮಸಾಬನ ಗಾಡಿಯಲ್ಲಿ ಎರಡೂ ಚೀಲ ಕಳಿಸಿದ್ದೇನೆ. ಬಾಯಿ ಹೊಲಿದದ್ದು ನಾನೇ, ಕೆಂಪು ದಾರದಿಂದ. ಬೇರೆ ಯಾರೂ ಬಿಚ್ಚದ ಹಾಗೆ ನೋಡಿಕೋ.

ಅರ್ಧ ಬೀಜ ಬಚ್ಚಿಟ್ಟು ಆಣೆ ಮಾಡಿದರೆ ಅದು ಆಣೆಯಲ್ಲ. ಎರಡೂ ಇಡು.

ಶಂಕ್ರೆವ್ವ

*

ಬೆಟಗೇರಿ
12 ಜುಲೈ 1956

ಅಕ್ಕಾ,

ನಿನ್ನ ಮೇಲೆ ಸಿಟ್ಟು ಮಾಡಬೇಕೋ ಕಾಲಿಗೆ ಬೀಳಬೇಕೋ ತಿಳಿಯುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ.

ಮೂರು ದಿನದಿಂದ ಜಡಿ ಮಳೆ. ನಿನ್ನೆ ಬೆಳಿಗ್ಗೆ ಹೋದರೆ ತಡೆಗೋಡೆಯ ಮುಂದೆ ಜನವೋ ಜನ. ಮೂರೂ ಕಿಂಡಿಯಿಂದ ಹೆಬ್ಬೆರಳು ದಪ್ಪ ನೀರು ಸುರಿಯುತ್ತಿತ್ತು. ಒಬ್ಬ, "ಬರ್ರೆಪಾ, ಗೌಂಡಿ ಗ್ವಾಡಿ ಸೋರಾಕತ್ತೈತಿ, ಕೊಡಾ ತರ್ರಿ!" ಎಂದು ಕೂಗುತ್ತಿದ್ದ. ಒಬ್ಬ ಮುದುಕಿ ಖರೆಯೇ ಕೊಡ ತಂದು ಹಿಡಿದಿದ್ದಳು.  ಇದು ಹೀಗೇ ಆಗಬೇಕು ಎಂದು ನಾನೇ ಮಾಡಿದ್ದು, ಆದರೂ ಅಂಜಿಕೆಯಾಯಿತು.

ಕೀಲಿ ತೆಗೆದು ಮಾಳಿಗೆಗೆ ಇಳಿದೆ. ಗೋಡೆ ಮುಟ್ಟಿದೆ. ಅಂಗೈ ಮುಟ್ಟಿಸಿದೆ, ಮೊಣಕೈ ಮುಟ್ಟಿಸಿದೆ, ಕೊನೆಗೆ ಕೆನ್ನೆ ಇಟ್ಟೆ. ಒಣಗಿತ್ತು ಅಕ್ಕ. ತಣ್ಣಗೆ, ಒಣಗಿತ್ತು. ಹೊರಗೆ ನೀರು ಹರಿಯುವ ಸಪ್ಪಳ ಕೇಳುತ್ತಿತ್ತು, ಒಳಗೆ ನಮ್ಮ ಎರಡು ಚೀಲ ಕೆಂಪು ದಾರದ ಸಹಿತ ಕೂತಿದ್ದವು. ಮೇಲೆ ಬಂದು, "ಅದು ಸೋರೂದಲ್ರೀ, ಹೊರಗ ಹೋಗೂದು" ಎಂದೆ. ಯಾರೂ ನಂಬಲಿಲ್ಲ. ಬೀಜ ತೆಗೆದಾಗ ನೋಡೋಣ ಎಂದರು.

ಈ ಸಂತೋಷವನ್ನು ಸುಣ್ಣ ತಂದಿದ್ದ ಕರೀಮಸಾಬನಿಗೆ ಹೇಳಿದೆ. "ಅಪ್ಪನ ಹಗೇವಿನ ಗ್ವಾಡಿನೂ ಹಿಂಗ ಇತ್ತು" ಎಂದೆ. ಅವನು ತಲೆ ಕೆಳಗೆ ಹಾಕಿದ. "ಇತ್ತು ಅನ್ನು ಲಕ್ಷ್ಮಪ್ಪ. ಈಗೆಲ್ಲೈತಿ? ಹೋದ ದಸರಾ ಮುಂದ ನಿಮ್ಮಕ್ಕ ಕಬ್ಬಿಣದ ಹಾರಿ ತಗೊಂಡು ಒಳಗ ಇಳದಳು. ಗಾಳಿ ಕೆಟ್ಟಿತ್ತು, ಬಿಟ್ಟ ಕಂದೀಲು ಎರಡು ಸಲ ಆರಿತ್ತು. ನಾನ ಹಗ್ಗ ಹಿಡಕೊಂಡು ನಿಂತಿದ್ದೆ. ಬ್ಯಾಡ ಬೇ ಅಂದರ, ‘ಗ್ವಾಡಿ ಹಿಂದ ಏನೈತಿ ನೋಡಬೇಕು, ನೀ ಹಗ್ಗ ಹಿಡಿ’ ಅಂದಳು. ಕಲ್ಲು ಕಿತ್ತಳು. ಒಂದು ಕಲ್ಲು ಕೈಮ್ಯಾಲೆ ಬಿತ್ತು. ಆಮ್ಯಾಲೆ ಮಳಿಗೆ ಎರಿ ಒಳಗ ನುಗ್ಗಿ ಹಗೇವು ಕುಸೀತು" ಎಂದ.

ಅಪ್ಪ ಹೇಳಿದ್ದ ಎಂದು ಯಾಕೆ ಬರೆದೆ? ಬೀಜ ಇಡಲು ನಿನಗೆ ಬೇರೆ ಜಾಗವೇ ಇರಲಿಲ್ಲವೆಂದು ಯಾಕೆ ಬರೆಯಲಿಲ್ಲ? ನಾನು ನಿನ್ನನ್ನು ಹಟಮಾರಿ ಎಂದು ಸುಮಿತ್ರವ್ವಳ ಮುಂದೆ ಬೈದಿದ್ದೆ. ಕೈ ಈಗ ಹೇಗಿದೆ?

ಲಕ್ಷ್ಮಪ್ಪ

*

ಶಿರಹಟ್ಟಿ
20 ಜುಲೈ 1956

ಲಕ್ಷ್ಮಪ್ಪಾ,

ಕರೀಮಸಾಬನ ಬಾಯಿಗೂ ಗಾರೆ ಬೇಕು. ಕೈಯ ಎರಡು ಬೆರಳು ಮಡಚುವುದಿಲ್ಲ. ರೊಟ್ಟಿ ಬಡಿಯಲು ಬರುತ್ತದೆ, ಸಾಕು.

ಹಗೇವು ಕಟ್ಟಿದಾಗ ನನಗೆ ಹದಿನೈದು, ತವರಿಗೆ ಬಂದ ಹೊಸತು. ಹೆಣ್ಣುಮಕ್ಕಳು ಗುಂಡಿಯ ಹತ್ತಿರ ಬರಬಾರದು, ಗಾರೆ ಅರೆದುಕೊಂಡು ಕೂಡು ಎಂದಿದ್ದ ಅಪ್ಪ. ಹಾಗಾಗಿ ಗೋಡೆಯ ಹಿಂದೆ ಏನು ಹಾಕಿದ ಎಂದು ನಾನೂ ನೋಡಿರಲಿಲ್ಲ. ಅಪ್ಪ ನಿನಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಗೋಡೆ ಹೇಳಿತು. ಅದನ್ನು ಬರೆದಿದ್ದರೆ ನೀನು, "ಅಪ್ಪನ ಹಗೇವು ನನ್ನ ಸಲುವಾಗಿ ಹೋಯಿತು" ಎಂದು ಕೆಲಸ ಬಿಟ್ಟು ಅಳುತ್ತಾ ಓಡಿ ಬರುತ್ತಿದ್ದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ಗೊತ್ತಿಲ್ಲವೇ?

ಒಳಗೆ ಇಳಿದಾಗ ಅಂಜಿಕೆಯಾಗಲಿಲ್ಲ. ಕಲ್ಲಿನ ಸಂದಿಯ ಗಾರೆಯ ಮೇಲೆ ಅಪ್ಪನ ಕರಣೆಯ ಗುರುತು ಇದ್ದವು, ಗಾರೆ ಮಾತ್ರ ನಾನು ಅರೆದದ್ದು. ಹಾರಿ ಹಾಕಿದರೆ ಜಪ್ಪಯ್ಯ ಎನ್ನಲಿಲ್ಲ. ಮುರಿಯಲು ಅರ್ಧ ದಿನ ಹಿಡಿಯಿತು. ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಗೆ ಬರೆಯಲಿ?

ಇನ್ನು ಬೀಜ. ಬಿತ್ತುವ ಹೊತ್ತಿಗೆ ತೆಗೆಯುತ್ತೀರಿ. ಅಲ್ಲಿಯವರೆಗೆ ದಿನಕ್ಕೊಂದೇ ಸಲ ಮುಟ್ಟು.

ಶಂಕ್ರೆವ್ವ

*

ಬೆಟಗೇರಿ
27 ಸೆಪ್ಟೆಂಬರ್ 1956

ಅಕ್ಕಾ,

ಈ ಸಲದ ಕಾಗದ ಅಂಜಿಕೆಯದಲ್ಲ, ಸಂತೋಷದ್ದು.  

ಹೋದ ವಾರ ಬೀಜ ತೆಗೆದರು. ಅರವತ್ತು ಎಪ್ಪತ್ತು ಜನ ಸೇರಿದ್ದರು. ಮುಂಡರಗಿ, ಲಕ್ಷ್ಮೇಶ್ವರ, ಕೋಟುಮಚಗಿ ಕಡೆಯಿಂದಲೂ ಬಂದಿದ್ದರು. ಕೆಂಪು ದಾರ ಅಂದಾನಪ್ಪನವರು ಕತ್ತರಿಸಿದರು. ಮೊದಲ ದಿನ ಜವಾಬುದಾರಿ ಕೇಳಿದ್ದ ಮುದುಕರು ಚೀಲದೊಳಗೆ ಮೊಣಕೈ ಮುಳುಗುವವರೆಗೆ ಕೈ ಹಾಕಿ ತಳದ ಕಾಳು ತೆಗೆದರು. ಮೂಸಿದರು. ಒಂದು ಕಾಳನ್ನು ಹಲ್ಲಿನಲ್ಲಿ ಇಟ್ಟರು.  ಕಟಕ್ ಎಂದಿತು ಅಕ್ಕ. ಹಿಂದೆ ನಿಂತವರಿಗೂ ಕೇಳಿಸಿತು.

"ಹಲ್ಲು ಹೋತಲೇ ನಂದು!" ಎಂದರು. ಎಲ್ಲರೂ ನಕ್ಕರು. ನಾನು ಗೋಡೆ ಹಿಡಿದುಕೊಂಡು ನಿಂತೆ.

ಅಂದಾನಪ್ಪನವರು ಅಷ್ಟಕ್ಕೆ ಬಿಡಲಿಲ್ಲ. ನೂರು ಕಾಳು ಎಣಿಸಿ ಒದ್ದೆ ಅರಿವೆಯಲ್ಲಿ ಕಟ್ಟಿಟ್ಟರು. ಐದನೆಯ ದಿನ ಬಿಚ್ಚಿದರೆ ತೊಂಬತ್ತೇಳು ಮೊಳಕೆ. ಸಂಘದವರು ಅಲ್ಲೇ ಠರಾವು ಬರೆದರು, ಬರುವ ವರ್ಷದಿಂದ ಎಲ್ಲರ ಬೀಜ ಇದರಲ್ಲೇ ಎಂದು. ಠರಾವಿನಲ್ಲಿ ಗೌಂಡಿಯ ಹೆಸರು ಬೇಕಿತ್ತು. "ಹಗೇವಿನ ಯಂಕಪ್ಪನ ಮಗ ಲಕ್ಷ್ಮಪ್ಪ" ಎಂದು ಬರೆಯಲು ಹೊರಟರು. ನಾನು ತಡೆದೆ. ಎಲ್ಲರ ಎದುರು ನಿನ್ನ ವಿಷಯ ಹೇಳಿದೆ, ಹಾರಿ, ಕಂದೀಲು, ಕಲ್ಲು, ಬೆರಳು, ಎಲ್ಲ. ಅಂದಾನಪ್ಪನವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಪುಸ್ತಕ ಓದಿದವ ನಾನು, ಗ್ವಾಡಿ ಓದಿದಾಕಿ ಆಕಿ" ಎಂದರು. ಈಗ ಠರಾವಿನಲ್ಲಿ ಹೀಗಿದೆ: ಗೌಂಡಿಗಳು, ಶಿರಹಟ್ಟಿಯ ಶಂಕ್ರೆವ್ವ ಯಂಕಪ್ಪ ಮತ್ತು ಲಕ್ಷ್ಮಪ್ಪ ಯಂಕಪ್ಪ. ನಿನ್ನ ಹೆಸರು ಮೊದಲು.

ಬೀಜ ನಾಳೆ ಗಾಡಿಯಲ್ಲಿ ಬರುತ್ತದೆ. ಹದ ನೋಡಿ ಬಿತ್ತಿಸು.

ಲಕ್ಷ್ಮಪ್ಪ

*

ಶಿರಹಟ್ಟಿ
3 ನವೆಂಬರ್ 1956

ಲಕ್ಷ್ಮಪ್ಪಾ,

ಮೊನ್ನೆ ಒಂದನೇ ತಾರೀಖು ನಮ್ಮೂರಿನಲ್ಲೂ ತೋರಣ ಕಟ್ಟಿದರು, ಪೇಢೆ ಹಂಚಿದರು. ಕನ್ನಡದವರೆಲ್ಲ ಒಂದಾದೆವಂತೆ. ಗದಗಿನಲ್ಲಿ ಕಾಲಿಡಲು ಜಾಗ ಇರಲಿಲ್ಲವೆಂದು ಬಸ್ಸಿನವರು ಹೇಳಿದರು. ನಾನು ಹುಟ್ಟಿದಾಗ ಈ ಊರು ಸಾಂಗಲಿಯವರದು, ಆಮೇಲೆ ಮುಂಬೈಯವರದು, ಈಗ ನಮ್ಮದೇ ರಾಜ್ಯ. ಪೇಢೆ ತಿಂದು ಹೊಲಕ್ಕೆ ಹೋದೆ. ಜೋಳ ಸಾಲು ಹಿಡಿದು ಎದ್ದಿದೆ, ಒಂದು ಕುಣಿಯೂ ಖಾಲಿ ಬಿದ್ದಿಲ್ಲ. ಬದುವಿನ ಮೇಲೆ ನಿಂತು ಯಾರೂ ಇಲ್ಲವೆಂದು ನೋಡಿ, ಜೋರಾಗಿ ನಿನ್ನ ಹೆಸರು ಕೂಗಿದೆ. ಪಕ್ಕದ ಹೊಲದಲ್ಲಿ ಉಡಚವ್ವ ಬಗ್ಗಿ ಕಳೆ ತೆಗೆಯುತ್ತಿದ್ದಳು. "ಯಾಕ ಬೇ ಶಂಕ್ರೆವ್ವ, ಹುಚ್ಚ ಹಿಡೀತೇನು?" ಎಂದಳು. ಹೌದು ಎಂದೆ.

ಠರಾವಿನ ಮಾತು ಹೇಗೋ ಊರೂರು ತಿರುಗಿದೆ. ನಿನ್ನೆ ಮುಂಡರಗಿಯಿಂದ ದೇವೇಂದ್ರಪ್ಪ ಎಂಬ ರೈತರು ಬಂದಿದ್ದರು. ಅವರ ಮನೆಯ ಸುತ್ತ ಎಲ್ಲ ಎರಿ ಮಣ್ಣು, ಹಗೇವು ತೆಗೆದರೆ ನಿಲ್ಲುವುದಿಲ್ಲವಂತೆ. ನಮ್ಮ ಅಂಗಳದಲ್ಲಿ ನಿಂತು, "ಗೌಂಡೇರು ಇದ್ದಾರೇನ್ರಿ?" ಎಂದರು. ಒಳಗಿನಿಂದ ಎಂದಿನ ಹಾಗೆ, "ಅಂವಾ ಗದಗಿನ್ಯಾಗ ಇರ್ತಾನ್ರಿ" ಎಂದೆ.

"ಅವರಲ್ರೀ. ಶಂಕ್ರೆವ್ವ ಗೌಂಡೇರು" ಎಂದರು.

ನಾನು ಕೈಯ ಹಿಟ್ಟು ಸೀರೆಗೆ ಒರೆಸಿಕೊಂಡು ಹೊರಗೆ ಬಂದೆ.

ಕೆಲಸ ಒಪ್ಪಿಕೊಂಡಿದ್ದೇನೆ. ಸಂಕ್ರಾಂತಿ ಆದ ಮೇಲೆ ಶುರು. ಅದಕ್ಕೂ ಮುಂಚೆ ನಮ್ಮ ಮನೆಯ ಮುಂದಿನದನ್ನು ಎಬ್ಬಿಸಬೇಕು. ನೀನು ಎರಡು ವಾರ ರಜೆ ಹಾಕಿ ಬಾ, ಸುಮಿತ್ರವ್ವಳನ್ನೂ ಕರೆದುಕೊಂಡು ಬಾ. ಬರುವಾಗ ಒಂದು ಡಬ್ಬಿ ಡಾಂಬರು ತಾ. ಬೆರಳು ಮಡಚದ ಕಾರಣ ನನಗೆ ಗಾರೆ ಅರೆಯಲು ಬರುವುದಿಲ್ಲ. ಗಾರೆಯ ಗಾಣದ ಹತ್ತಿರ ನೀನು ಕೂಡು. ಗುಂಡಿಯೊಳಗೆ ನಾನು ಇಳಿಯುತ್ತೇನೆ.

ರೂಢಿಯನ್ನು ದೇವೇಂದ್ರಪ್ಪನವರಿಗೆ ಹೇಳಿದ್ದೇನೆ. ಅವರ ಹಗೇವಿನಲ್ಲಿ ಮೊದಲ ಬೀಜ ನನ್ನದು.

ಶಂಕ್ರೆವ್ವ
ಗೌಂಡಿ